ಮುಚ್ಚಳ ತೆಗೆಯುವ ಹಕ್ಕು



ಇವತ್ತು ಒಂದು ವೈಫೈ ರೂಟರ್ ಕತೆ ಹೇಳ್ತೀನಿ. ಚಳವಳಿಯವನಿಗೆ ಇದ್ಯಾಕೆ ಅಂತ ಮುಂದಕ್ಕೆ ಹೋಗ್ಬೇಡಿ. ಈ ದಾರಿ ಮಹಾಡಿನ ಕೆರೆ ಹತ್ರಾನೇ ಹೋಗುತ್ತೆ.

ಸಿದ್ದಾಪುರದ ಕಡೆ ಕಾಫಿ ತೋಟಗಳ ಲೈನ್‌ಮನೆ ಮಕ್ಕಳಿಗೆ ನಾವು ಸಂಜೆ ಪಾಠ ಮಾಡೋ ಕೋಣೆಯಲ್ಲಿ ಒಂದು ಅಗ್ಗದ ರೂಟರ್ ಇದೆ. ಯಂತ್ರ ಗಟ್ಟಿಯಾಗಿದೆ. ಒಳಗೆ ಅದನ್ನು ನಡೆಸೋ ತಂತ್ರಾಂಶ, ಅಂದ್ರೆ ಫರ್ಮ್‌ವೇರ್, ಹಳೇದಾಗಿದೆ. ಮಾಡಿದ ಕಂಪನಿ ಅಪ್‌ಡೇಟ್ ನಿಲ್ಲಿಸಿ ವರ್ಷಗಳಾದವು. ಕೇಳಿದ್ರೆ ‘ಹೊಸದು ತಗೊಳ್ಳಿ’ ಅಂತಾರೆ. ಲೈನ್‌ಮನೆಯಲ್ಲೇ ಹುಟ್ಟಿ ಡಿಪ್ಲೊಮಾ ಮುಗಿಸಿದ ನಮ್ಮ ಹುಡುಗಿಯೊಬ್ಬಳು ಸ್ಕ್ರೂಡ್ರೈವರ್ ಹಿಡ್ಕೊಂಡು, ‘ಅಣ್ಣಾ, ಬಿಚ್ಚಲಾ?’ ಅಂದಳು. ನನಗೆ ಭಯ ಆಯ್ತು. ಅವಳಿಗೆ ಆಗ್ಲಿಲ್ಲ. ಯಾಕೆ ಅಂತ ಆಮೇಲೆ ಅವಳೇ ಹೇಳಿದ ಇತಿಹಾಸ ಇದು.

2002ರ ಕೊನೆಗೆ ಅಮೆರಿಕದ ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ಅನ್ನೋ ರೂಟರ್ ಮಾರುಕಟ್ಟೆಗೆ ಬಿಟ್ಟಿತು. ಮರುವರ್ಷ ಸಿಸ್ಕೊ ಆ ಕಂಪನಿಯನ್ನೇ ಕೊಂಡಿತು. ಅದೇ 2003ರಲ್ಲಿ ಕೆಲವರು ಅದರ ಫರ್ಮ್‌ವೇರ್ ಕೆದಕಿ ನೋಡಿದಾಗ ಒಳಗಿದ್ದದ್ದು ಲಿನಕ್ಸ್. ಲಿನಕ್ಸ್ ಇರೋದು ಜಿಪಿಎಲ್ ಪರವಾನಗಿಯ ಕೆಳಗೆ. ರಿಚರ್ಡ್ ಸ್ಟಾಲ್ಮನ್ 1989ರಲ್ಲಿ ಹೊರತಂದ ಆ ಪರವಾನಗಿಯ ಶರತ್ತು ಸರಳ: ಯಾರು ಬೇಕಾದ್ರೂ ಬಳಸಿ, ಬದಲಿಸಿ, ಮಾರಿ, ಆದ್ರೆ ಮಾರಿದವರು ಅದರ ಸೋರ್ಸ್ ಕೋಡನ್ನೂ ಕೊಡಬೇಕು. ಕಂಪನಿ ಡಬ್ಬಿ ಮಾರಿತ್ತು, ಕೋಡ್ ಕೊಟ್ಟಿರಲಿಲ್ಲ. ಕೇಳಿದರು, ಒತ್ತಾಯ ಮಾಡಿದರು. ಕೊನೆಗೆ ಕೊಟ್ಟಿತು. ಆ ಕೋಡಿನ ಮೇಲೆ 2004ರ ಜನವರಿಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಶುರುವಾಯ್ತು.

ಗಮನಿಸಿ, ಹಕ್ಕು ಮೊದಲೇ ಕಾಗದದಲ್ಲಿತ್ತು. ಕೇಳೋರು ಬೇಕಾಗಿತ್ತು.

ಇದು ನಮಗೆ ಗೊತ್ತಿರೋ ಕತೆ. 1923ರಲ್ಲೇ ಬೋಲೆಯವರ ನಿರ್ಣಯವನ್ನು ಮುಂಬೈ ಶಾಸನ ಪರಿಷತ್ತು ಒಪ್ಪಿತ್ತು. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ಮುಕ್ತ ಅಂತ. ಮಹಾಡ್ ಪುರಸಭೆಯೂ ಒಪ್ಪಿತ್ತು. ಆದ್ರೂ ಚೌದಾರ್ ಕೆರೆ ನೀರು ಸಿಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರ ಜೊತೆ ನಡೆದು ಹೋಗಿ ಬೊಗಸೆಯಲ್ಲಿ ಎತ್ತಿ ಕುಡಿಯಬೇಕಾಯ್ತು. ಕೋರ್ಟಲ್ಲಿ ಗೆಲ್ಲೋದಕ್ಕೆ 1937 ಬಂತು. ನೀರೂ ರೂಟರೂ ಒಂದೇ ಅಂತ ನಾನು ಹೇಳ್ತಿಲ್ಲ. ಮಹಾಡಿನಲ್ಲಿ ನಮ್ಮವರು ಏಟು ತಿಂದರು, ಇಲ್ಲಿ ಯಾರೂ ತಿಂದಿಲ್ಲ. ಕಾಗದದ ಹಕ್ಕು ತಾನಾಗೇ ಕೈಗೆ ಬರಲ್ಲ ಅನ್ನೋದಷ್ಟೇ ನನ್ನ ಮಾತು.

ನಮ್ಮ ದೇಶದಲ್ಲಿ 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ತರಂಗಕ್ಕೆ ಲೈಸೆನ್ಸ್ ಬೇಡ ಅಂತ ಸರ್ಕಾರ ಆದೇಶ ಮಾಡಿತು. ಗಾಳಿ ಮುಕ್ತವಾಯ್ತು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕೊಳೆಗೇರಿಯೊಂದರಲ್ಲಿ ಮುಕ್ತ ತಂತ್ರಾಂಶದ ಗೆಳೆಯರು ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ನಡೆಸಿದರು. ಅಲ್ಲಿನ ಮಕ್ಕಳು ಜಿಂಪ್‌ನಲ್ಲಿ ಚಿತ್ರ ಬರೆಯೋದು ಕಲಿತರು. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಊರಿನವರದೇ ಮೆಶ್ ಜಾಲ ಕಟ್ಟಿತು. ಒಂದು ರೂಟರ್ ಇನ್ನೊಂದಕ್ಕೆ ಕೈಕೊಟ್ಟು ಮಾತು ದಾಟಿಸೋ ಜಾಲ ಅದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು, ಸಿಗ್ನಲ್ ಎರಡೂ ಹೋಗೋ ಕೊಡಗಿಗೆ ಇಂಥದ್ದು ಬೇಕೇ ಬೇಕು.

ಆದ್ರೆ ಅಡ್ಡಿ ಇರೋದು ಇಲ್ಲೇ. ಓಪನ್‌ಡಬ್ಲ್ಯುಆರ್‌ಟಿ ಎಲ್ಲಾ ಡಬ್ಬಿಗೂ ಹತ್ತಲ್ಲ. ಪ್ರತಿ ಮಾಡೆಲ್‌ಗೂ ಯಾರೋ ಒಬ್ಬರು ಕೂತು ಬರೀಬೇಕು. ಹೆಸರು ಒಂದೇ ಇದ್ದು ವಿ1, ವಿ2 ಅಂತ ಬದಲಾದರೆ ಒಳಗಿನ ಚಿಪ್ಪೇ ಬೇರೆ ಇರಬಹುದು. ನಮ್ಮ ಹುಡುಗಿ ಮುಚ್ಚಳ ತೆಗೆದು ಬೋರ್ಡಿನ ಮೇಲೆ ಸೀರಿಯಲ್ ಪೋರ್ಟಿನ ತೂತುಗಳನ್ನು ಹುಡುಕಿದಳು. ಕಳಿಸೋದು, ಪಡೆಯೋದು, ಗ್ರೌಂಡು, ಮೂರೇ ತಂತಿ ಜೋಡಿಸಿದಳು. ವೋಲ್ಟೇಜಿನ ಪಿನ್ ಮುಟ್ಟಲಿಲ್ಲ. ಲ್ಯಾಪ್‌ಟಾಪ್ ಮೇಲೆ ಬೂಟ್ ಲಾಗ್ ಸಾಲುಸಾಲಾಗಿ ಓಡಿತು. ಮೊದಲು ಮಾಡಿದ ಕೆಲಸ ಮೂಲ ಫ್ಲ್ಯಾಶಿನ ಪೂರ್ತಿ ಪ್ರತಿ ತೆಗೆದಿಟ್ಟದ್ದು. ಆ ಡಬ್ಬಿಯ ರೇಡಿಯೊ ಅಳತೆಗಳು ಅದರಲ್ಲೇ ಇರುತ್ತವೆ, ಕಳೆದರೆ ವೈಫೈ ಸರಿಯಾಗಿ ಬರಲ್ಲ. ಆಮೇಲೆ ಡಿವೈಸ್ ಟ್ರೀ ಕಡತ: ಯಾವ ಕಾಲಿಗೆ ಯಾವ ದೀಪ, ಯಾವ ಗುಂಡಿ, ಫ್ಲ್ಯಾಶಿನ ಯಾವ ತುಂಡು ಎಲ್ಲಿಂದ ಎಲ್ಲಿವರೆಗೆ. ಮನೆಯ ನಕ್ಷೆ ಬರೆದ ಹಾಗೆ. ಒಬ್ಬರು ಬರೆದು ಯೋಜನೆಗೆ ಸೇರಿದರೆ ಸಾಕು, ಅದೇ ಡಬ್ಬಿ ಇಟ್ಟುಕೊಂಡ ಎಲ್ಲರಿಗೂ ಸಿಗುತ್ತೆ.

ಇದನ್ನೆಲ್ಲ ಹೊಗಳಿ ಅಟ್ಟಕ್ಕೇರಿಸಲ್ಲ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇದ್ದ ಅತಿ ಅಗ್ಗದ ಡಬ್ಬಿಗಳನ್ನು ಹೊಸ ಆವೃತ್ತಿಗಳು ಕೈಬಿಟ್ಟಿವೆ. ಕೋಡ್ ದೊಡ್ಡದಾಯ್ತು, ಜಾಗ ಸಾಲಲ್ಲ. ದುರುದ್ದೇಶ ಇಲ್ಲ, ಆದ್ರೆ ಮೊದಲು ಹೊರಗುಳಿದದ್ದು ಬಡವರ ಡಬ್ಬಿ. ಪ್ಯಾಚ್ ಕಳಿಸುವಾಗ ಕೆಳಗೆ ನಿಮ್ಮ ಹೆಸರು ಹಾಕಿ ಅಂತಾರೆ, ಜಾತಿ ಕೇಳಲ್ಲ. ಇಂಗ್ಲಿಷ್ ಮಾತ್ರ ಕೇಳ್ತಾರೆ. ಹಗಲೆಲ್ಲ ಕೂಲಿ ಮಾಡಿ ಬಂದವರ ಹತ್ರ ಇರದ ಬಿಡುವನ್ನೂ ಕೇಳ್ತಾರೆ.

ನಮ್ಮ ರೂಟರ್ ಈಗ ಹೊಸ ಫರ್ಮ್‌ವೇರಿನಲ್ಲಿ ಏಳುತ್ತೆ. ವೈಫೈ ಬಂದಿದೆ, ಒಂದು ದೀಪ ಇನ್ನೂ ಹತ್ತಿಲ್ಲ. ಅದು ಸರಿಯಾದ ಮೇಲೆ ಅವಳ ಪ್ಯಾಚ್ ಹೋಗುತ್ತೆ. ನಿಮ್ಮ ಸಂಘದಲ್ಲಿ, ಹಾಸ್ಟೆಲಲ್ಲಿ ಮೂಲೆಗೆ ಬಿದ್ದ ರೂಟರ್ ಇದ್ರೆ ಗುಜರಿಗೆ ಹಾಕ್ಬೇಡಿ. ತಿರುಗಿಸಿ, ಕೆಳಗಿನ ಚೀಟಿಯಲ್ಲಿರೋ ಮಾಡೆಲ್, ವರ್ಷನ್ ಎರಡೂ ಬರೆದು ಕಳಿಸಿ. ಅವಳು ನೋಡ್ತಾಳಂತೆ. ಜೊತೆಗೆ ಕಲಿಯೋ ಮಕ್ಕಳಿದ್ರೆ ಕಳಿಸಿ, ಭಾನುವಾರ ಕೋಣೆ ತೆರೆದಿರುತ್ತೆ.

ಜೈಭೀಮ್.