ಈಚಲ ಮರಕ್ಕೆ ಬಂದ ಹೆಸರು

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅನ್ನುತ್ತಾರೆ. ಮಕ್ಕಳಿಗೆ ಸಹವಾಸದ ಬುದ್ಧಿ ಹೇಳುವಾಗ ಈ ಗಾದೆ ತಾನಾಗಿ ಬಾಯಿಗೆ ಬರುತ್ತದೆ. ಮಜ್ಜಿಗೆ ಕುಡಿದವನ ಬಗ್ಗೆ ಮರುಗುವ ನಾವು ಮರದ ಬಗ್ಗೆ ಯೋಚಿಸುವುದಿಲ್ಲ. ಚಿತ್ರದುರ್ಗದ ಜೋಗಿಮಟ್ಟಿಯ ಗುಡ್ಡಸಾಲು ಇಳಿದು ಬಯಲಿಗೆ ಬಂದವರಿಗೆ ಈಚಲು ಗೊತ್ತು. ಹಳ್ಳದ ದಂಡೆ, ಕೆರೆಯ ಹಿಂಭಾಗ, ಯಾರೂ ಉಳದ ಚೌಳು ನೆಲ, ಎಲ್ಲಿ ಒಂದಿಷ್ಟು ತೇವ ಸಿಕ್ಕಿದರೂ ಅದು ಏಳುತ್ತದೆ. ಗರಿಯಿಂದ ಚಾಪೆ, ಬುಟ್ಟಿ, ಪೊರಕೆ. ಹಣ್ಣಿನಲ್ಲಿ ತಿರುಳಿಗಿಂತ ಬೀಜವೇ ದೊಡ್ಡದು, ಆದರೂ ಮಕ್ಕಳು ಬಿಡುವುದಿಲ್ಲ. ಹಿರಿಯೂರು, ಚಳ್ಳಕೆರೆಯ ಗಡಿಯಲ್ಲಿ ತೆಲುಗು ಮನೆಮಾತಿನವರು ಇದನ್ನು ‘ಈತ’ ಅನ್ನುತ್ತಾರೆ. ಮುಂಗಾರಿನ ಮೊದಲ ಮಳೆಗೆ ಹುತ್ತದಿಂದ ಏಳುವ ರೆಕ್ಕೆಹುಳಕ್ಕೂ ಕನ್ನಡದಲ್ಲಿ ಈಚಲು ಎಂಬ ಹೆಸರೇ ಇದೆ. ಇಷ್ಟೆಲ್ಲ ಬಾಳಿದ ಮಾತಿಗೆ ಹೆಂಡ ಒಂದೇ ಅಂಟಿಕೊಂಡಿತು.

ಹೆಂಡ ಇಳಿಸಿದ ಮರವನ್ನು ಹತ್ತಿರ ನಿಂತು ನೋಡಬೇಕು. ಒಂದು ವರ್ಷ ಈ ಮಗ್ಗುಲಿಗೆ, ಮರುವರ್ಷ ಆ ಮಗ್ಗುಲಿಗೆ ಕೆತ್ತುತ್ತಾರೆ. ಹಾಗಾಗಿ ಕಾಂಡ ನೆಟ್ಟಗಿರದೆ ಅಂಕುಡೊಂಕಾಗುತ್ತದೆ. ಆ ಕಚ್ಚುಗಳನ್ನು ಎಣಿಸಿದರೆ ಎಷ್ಟು ವರ್ಷ ರಸ ಕೊಟ್ಟಿದೆ ಎಂದು ತಿಳಿಯುತ್ತದೆ. ಸಂಜೆ ಗಡಿಗೆ ಕಟ್ಟಿ, ಬೆಳಗಿನ ಜಾವ ಇಳಿಸಬೇಕು. ಆಗ ಅದು ಬೆಲ್ಲದ ನೀರಿನಂತೆ ಸಿಹಿ. ಬಿಸಿಲೇರಿದರೆ ನೊರೆ ಬಂದು ಹುಳಿಯಾಗುತ್ತದೆ.

ಈ ನೊರೆಯ ಮೇಲೆ ಮೈಸೂರು ಸಂಸ್ಥಾನದ ಖಜಾನೆಯ ಒಂದು ಭಾಗ ನಿಂತಿತ್ತು. ಮರಕ್ಕೆ ಇಷ್ಟೆಂದು ತೆರಿಗೆ, ಅದರ ಮೇಲೆ ಹೆಂಡದಂಗಡಿಯ ಹರಾಜು, ಗುತ್ತಿಗೆದಾರ, ಅಬಕಾರಿ ಅಮಲ್ದಾರ. ರೈತನ ಬೇಲಿಯಲ್ಲಿ ತಾನಾಗಿ ಹುಟ್ಟಿದ ಮರ, ಲೆಕ್ಕ ಮಾತ್ರ ಸರ್ಕಾರದ ಪುಸ್ತಕದಲ್ಲಿ. ಆ ಖಜಾನೆಯಿಂದಲೇ ಬ್ರಿಟಿಷರಿಗೆ ಪೊಗದಿ, ಅಂದರೆ ಕಪ್ಪ, ಹೋಗುತ್ತಿತ್ತು. 1799ರ ಒಪ್ಪಂದದಲ್ಲಿ ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಎಂದಿದ್ದುದು ಮುಂದೆ ಮೂವತ್ತೈದು ಲಕ್ಷಕ್ಕೆ ಏರಿ, 1928ರಲ್ಲಿ ಮತ್ತೆ ಹಳೆಯ ಮೊತ್ತಕ್ಕೆ ಇಳಿಯಿತು. ಹಳ್ಳಿಯವನು ಸಂಜೆ ಹೆಂಡದಂಗಡಿಯಲ್ಲಿ ಇಟ್ಟ ಕಾಸಿನ ದಾರಿ ಹಿಡಿದು ಹೊರಟರೆ ಅದು ಕೊನೆಗೆ ಸಾಮ್ರಾಜ್ಯದ ಬಾಗಿಲಿಗೆ ಹೋಗಿ ಮುಟ್ಟುತ್ತಿತ್ತು.

1939ರಲ್ಲಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನ ಜನ ಈಚಲಿಗೆ ಕೊಡಲಿ ಹಾಕಿದ್ದು ಈ ದಾರಿಯನ್ನು ಕಡಿಯಲು. ಆ ಸತ್ಯಾಗ್ರಹದ ಮುಂದಾಳು ದುರ್ಗದ ವಕೀಲರಾಗಿದ್ದ ಎಸ್. ನಿಜಲಿಂಗಪ್ಪ. ಅವರಿಗೆ ಜೈಲಾಯಿತು, ವಕೀಲಿಯ ಸನದೂ ಹೋಯಿತು. ಆಗಿನ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ಮಾಯಕೊಂಡದಲ್ಲಿ ಹೋರಾಟಗಾರ್ತಿ ಬಳ್ಳಾರಿ ಸಿದ್ದಮ್ಮ ಈಚಲು ಕಡಿದು ಸೆರೆ ಸೇರಿದರು. ಅದರ ಹಿಂದಿನ ವರ್ಷವಷ್ಟೇ ಅವರು ಶಿವಪುರದ ಧ್ವಜ ಸತ್ಯಾಗ್ರಹದಲ್ಲಿ ಬಂಧಿತರಾಗಿದ್ದರು.

ಕಂದಾಯ ಕೊಡುವುದಿಲ್ಲ ಎಂದೇ ಕೂರಬಹುದಿತ್ತಲ್ಲ, ಮರವನ್ನೇಕೆ ಕಡಿದರು ಎಂದು ಕೇಳುವವರಿದ್ದಾರೆ. ಅಂಕೋಲಾ, ಸಿದ್ದಾಪುರದ ರೈತರು 1930ರ ದಶಕದ ಆರಂಭದಲ್ಲಿ ಕರ ನಿರಾಕರಿಸಿ ಹೊಲಮನೆ ಕಳೆದುಕೊಂಡರು. ಆ ತ್ಯಾಗಕ್ಕೆ ಸಾಟಿಯಿಲ್ಲ. ಆದರೆ ಕಂದಾಯ ನಿಲ್ಲಿಸಲು ಹೊಲ ಇರಬೇಕು, ಹೊಲ ಹೋದರೆ ತಡೆದುಕೊಳ್ಳುವ ಶಕ್ತಿಯೂ ಬೇಕು. ಈಚಲು ಕಡಿಯಲು ಒಂದು ಕೊಡಲಿ, ಜೈಲಿಗೆ ಹೋಗುವ ಎದೆ ಇದ್ದರೆ ಸಾಕು. ಪಟ್ಟಾದಾರನೂ ಕೂಲಿಯವನೂ ಒಂದೇ ಸಾಲಿನಲ್ಲಿ ನಿಲ್ಲಬಹುದು. ನೆಲಕ್ಕುರುಳಿದ ಮರದ ಜಾಗದಲ್ಲಿ ಇನ್ನೊಂದು ಬೆಳೆದು ರಸ ಕೊಡಲು ವರ್ಷಗಳು ಬೇಕು, ಅಷ್ಟೂ ಕಾಲ ಸರ್ಕಾರಕ್ಕೆ ನಷ್ಟ. ಗಾಂಧೀಜಿ 1930ರಲ್ಲಿ ಸೂರತ್ ಸೀಮೆಯಲ್ಲಿ ಇದೇ ಈಚಲನ್ನು ಕಡಿಯಲು ಹೇಳಿದ್ದರು. ಅದಕ್ಕೂ ಬಹಳ ಮೊದಲು, 1773ರ ಡಿಸೆಂಬರಿನಲ್ಲಿ, ಅಮೆರಿಕದ ಬಾಸ್ಟನ್ ಬಂದರಿನಲ್ಲಿ ವಸಾಹತಿನ ಜನ ಮುನ್ನೂರ ನಲವತ್ತೆರಡು ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಸುರಿದರು. ಅವರಿಗೂ ಪಾರ್ಲಿಮೆಂಟು ಕೈಗೆಟುಕದಷ್ಟು ದೂರ, ತೆರಿಗೆ ಹೊತ್ತ ಸರಕು ಕಣ್ಣೆದುರಿಗೆ.

ನನಗೆ ಮೆಚ್ಚುಗೆಯಾಗುವುದು ತುರುವನೂರಿನ ಹೋರಾಟಕ್ಕೆ ಉಳಿದಿರುವ ಹೆಸರು. ಪಠ್ಯಪುಸ್ತಕದಲ್ಲಿ ಅಸಹಕಾರ, ಕಾನೂನುಭಂಗ, ಕರನಿರಾಕರಣೆ ಎಂಬ ಭಾರಿ ಪದಗಳು ಸಾಲಾಗಿ ಬರುತ್ತವೆ. ದುರ್ಗದ ಜನರ ಮಾತಿನಲ್ಲಿ ಇದು ಈಚಲ ಮರದ ಚಳವಳಿ. ಹೆಂಡದ ಕಳಂಕ ಹೊತ್ತಿದ್ದ ಹೆಸರೇ ಸ್ವಾತಂತ್ರ್ಯ ಹೋರಾಟದ ಹೆಸರೂ ಆಯಿತು. ಗಾದೆ ಮಾಡಿದ ಅನ್ಯಾಯವನ್ನು ತುರುವನೂರು ಅರ್ಧವಾದರೂ ತೀರಿಸಿತು ಅನ್ನಬಹುದು.

ಅರ್ಧ ಅಂದದ್ದಕ್ಕೆ ಕಾರಣವಿದೆ. ಈಚಲನ್ನು ಹತ್ತುತ್ತಿದ್ದವರು ಈಡಿಗರು. ಸೊಂಟಕ್ಕೆ ಹಗ್ಗ ಬಿಗಿದು, ಮುಳ್ಳುಗರಿಯ ನಡುವೆ ಕೈಯಿಟ್ಟು, ಬೆಳಗಿನ ಚಳಿಯಲ್ಲಿ ಗಡಿಗೆ ಇಳಿಸುತ್ತಿದ್ದವರು ಗುತ್ತಿಗೆದಾರರೂ ಆಗಿರಲಿಲ್ಲ, ಸರ್ಕಾರವೂ ಆಗಿರಲಿಲ್ಲ. ಮರ ಉರುಳಿದ ದಿನ ಖಜಾನೆಗೆ ಆದ ನಷ್ಟಕ್ಕೆ ಲೆಕ್ಕವಿಡುವವರಿದ್ದರು. ಮರ ಹತ್ತುವವನ ಒಲೆಯ ಲೆಕ್ಕ ಇಡುವವರಿರಲಿಲ್ಲ. 2004ರಲ್ಲಿ ಒಳನಾಡಿನ ಜಿಲ್ಲೆಗಳಲ್ಲಿ ಸೇಂದಿ ನಿಂತಾಗಲೂ ಕಸುಬು ಕಳೆದುಕೊಂಡವರು ಇವರೇ. ಸೇಂದಿ ಹೋಯಿತು, ಅಬಕಾರಿ ಉಳಿಯಿತು. ಬಾಟಲಿ, ಸ್ಯಾಚೆಟ್‌ಗಳ ಮೇಲೆ ಬರುವ ಆ ಹಣ ಇಂದಿಗೂ ರಾಜ್ಯದ ಬಜೆಟ್ಟಿನಲ್ಲಿ ದೊಡ್ಡ ಸಾಲು. ತುರುವನೂರಿನ ಕಥೆಯನ್ನು ಶಾಲೆಯಲ್ಲಿ ಹೇಳುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಕಡಿದವರ ಹೆಸರಿನ ಜೊತೆಗೆ, ಆ ಮರ ಹತ್ತುತ್ತಿದ್ದವರು ಮುಂದೆ ಯಾವ ಕೆಲಸಕ್ಕೆ ಹೋದರು ಎಂದು ಊರಿನ ಹಿರಿಯರನ್ನು ಕೇಳಿಕೊಂಡು ಬರಲು ಮಕ್ಕಳಿಗೆ ಹೇಳಿ.