ತೆರೆಯ ಮೇಲಿನ ನಿಜ: ಕನ್ನಡಿಯೋ, ಮೊಹರೋ?

ಸಿನಿಮಾ ನಿಜದಂತೆ ಕಾಣುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆ 1970ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. ಉರ್ದು ಕತೆಗಾರ, ಪತ್ರಕರ್ತ, ನಿರ್ದೇಶಕ ಕೆ.ಎ. ಅಬ್ಬಾಸ್ 'ಎ ಟೇಲ್ ಆಫ್ ಫೋರ್ ಸಿಟೀಸ್' ಎಂಬ ಸಾಕ್ಷ್ಯಚಿತ್ರ ತೆಗೆದಿದ್ದರು. ದೇಶದ ನಾಲ್ಕು ಮಹಾನಗರಗಳ ವೈಭವವನ್ನೂ ಅದರ ಮಗ್ಗುಲಲ್ಲೇ ಇರುವ ಬಡತನವನ್ನೂ ಅದು ತೋರಿಸುತ್ತಿತ್ತು. ಮುಂಬೈಯ ವೇಶ್ಯೆಯರ ಬೀದಿಯ ದೃಶ್ಯಗಳಿಗೆ ಕತ್ತರಿ ಹಾಕಿದರೆ ಮಾತ್ರ ಎಲ್ಲರೂ ನೋಡಬಹುದೆಂಬ ಸರ್ಟಿಫಿಕೇಟು ಕೊಡುತ್ತೇವೆ ಎಂದಿತು ಸೆನ್ಸಾರ್. ಅಬ್ಬಾಸ್ ಒಪ್ಪಲಿಲ್ಲ.

ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಅವರ ತೀರ್ಪು ಇಂದಿಗೂ ಓದಬೇಕಾದದ್ದು. ಉಳಿದ ಕಲೆಗಳಿಗಿಂತ ಸಿನಿಮಾ ಮನುಷ್ಯನ ಭಾವನೆಗಳನ್ನು ಆಳವಾಗಿ ಕಲಕುತ್ತದೆ, ಕಣ್ಣು ಕಿವಿಗಳೆರಡನ್ನೂ ಒಟ್ಟಿಗೆ ಹಿಡಿದು ನಿಜದಂತೆಯೇ ಕಾಣುತ್ತದೆ, ಆದ್ದರಿಂದ ಬಿಡುಗಡೆಗೆ ಮುನ್ನ ಅದನ್ನು ಪರಿಶೀಲಿಸುವುದು ಸಂವಿಧಾನಬಾಹಿರವಲ್ಲ ಎಂದರು ಅವರು. ಆದರೆ ಬದುಕಿನ ಕಹಿಯನ್ನು ತೋರಿಸಿದ ಮಾತ್ರಕ್ಕೆ ಕಲೆಯನ್ನು ದಂಡಿಸಬಾರದೆಂಬ ಎಚ್ಚರವೂ ಅದೇ ತೀರ್ಪಿನಲ್ಲಿತ್ತು. ವಾಸ್ತವವಾದದ ಲಾಭ, ಅಪಾಯಗಳೆರಡೂ ಒಂದೇ ಬೇರಿನಿಂದ ಹುಟ್ಟುತ್ತವೆ ಎಂಬುದನ್ನು ನ್ಯಾಯಾಲಯ ಆಗಲೇ ಗುರುತಿಸಿತ್ತು. ಜನ ನಂಬುತ್ತಾರೆ, ಆ ನಂಬಿಕೆಯೇ ಬೇರು.

ಮುಂದಿನ ಕತೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಮೈಸೂರಿನ ಎಂ.ಎಸ್. ಸತ್ಯು 'ಗರ್ಮ್ ಹವಾ' ಚಿತ್ರವನ್ನು ಆಗ್ರಾದಲ್ಲಿ ತೆಗೆದರು. ಇಸ್ಮತ್ ಚುಗ್ತಾಯಿ ಅವರ ಅಪ್ರಕಟಿತ ಕತೆಯನ್ನು ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕತೆಯಾಗಿಸಿದ್ದರು. ಫಿಲಂ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟದ್ದು ಎರಡೂವರೆ ಲಕ್ಷ ರೂಪಾಯಿ. ಧ್ವನಿ ಮುದ್ರಣದ ಯಂತ್ರಕ್ಕೆ ಹಣವಿಲ್ಲದೆ ಮೂಕಿ ಚಿತ್ರದಂತೆ ಚಿತ್ರೀಕರಿಸಿ, ಮಾತುಗಳನ್ನು ಆಮೇಲೆ ಸೇರಿಸಿದರು. ಸ್ಥಳೀಯರ ವಿರೋಧ ಎದುರಾದಾಗ ಜನರ ಗಮನ ಬೇರೆಡೆ ಸೆಳೆಯಲು ರೀಲು ಇಲ್ಲದ ಕ್ಯಾಮೆರಾದೊಂದಿಗೆ ಇನ್ನೊಂದು ಸುಳ್ಳು ತಂಡವನ್ನೇ ಕಳಿಸಬೇಕಾಯಿತು. ತೆರೆಯ ಮೇಲೆ ಅಷ್ಟು ನಿಜವಾಗಿ ಕಂಡದ್ದರ ಹಿಂದೆ ಇಷ್ಟೆಲ್ಲ ಉಪಾಯವಿತ್ತು.

ಚಿತ್ರದ ಸಲೀಂ ಮಿರ್ಜಾ ಚಪ್ಪಲಿ ಕಾರ್ಖಾನೆಯ ಮಾಲೀಕ. ದೇಶ ವಿಭಜನೆಯಾಗಿದೆ. ಅಣ್ಣ ಪಾಕಿಸ್ತಾನಕ್ಕೆ ಹೊರಟುಹೋಗುತ್ತಾನೆ. ಹವೇಲಿ ಅಣ್ಣನ ಹೆಸರಿನಲ್ಲಿದ್ದುದರಿಂದ ಅದು ಕೈತಪ್ಪುತ್ತದೆ. ಬ್ಯಾಂಕು ಸಾಲ ಕೊಡುವುದಿಲ್ಲ. ಬಾಡಿಗೆಗೆ ಮನೆ ಸಿಗುವುದಿಲ್ಲ. ಮುದುಕಿ ತಾಯಿಗೆ ಹವೇಲಿ ಬಿಡಲು ಮನಸ್ಸಿಲ್ಲ, ಆಕೆ ಸೌದೆಯ ಕೋಣೆಯಲ್ಲಿ ಅಡಗಿ ಕೂರುತ್ತಾಳೆ. ವಿಭಜನೆಯ ಚಿತ್ರವಾದರೂ ಇಲ್ಲಿ ಕೊಲೆಗಡುಕರ ಮೆರವಣಿಗೆಯಿಲ್ಲ. ಮನೆ, ಸಾಲ, ಮದುವೆ, ನೌಕರಿ ಇಷ್ಟರಲ್ಲೇ ಒಂದು ಸಮುದಾಯದ ಒಂಟಿತನ ಕಾಣುತ್ತದೆ. ಮುಸ್ಲಿಮನೆಂದರೆ ನವಾಬ, ಕವ್ವಾಲಿ, ಮುಜ್ರಾ ಎಂದುಕೊಂಡಿದ್ದ ಹಿಂದಿ ಸಿನಿಮಾದಲ್ಲಿ ಬಾಡಿಗೆ ಮನೆ ಹುಡುಕಿ ಅಲೆಯುವ ಒಬ್ಬ ಸಾಮಾನ್ಯ ಮುಸ್ಲಿಮನನ್ನು ತಂದು ನಿಲ್ಲಿಸಿದ್ದು ಚಿಕ್ಕ ಸಂಗತಿಯಲ್ಲ. ವಾಸ್ತವವಾದದ ಮೊದಲ ಉಪಕಾರ ಇದೇ: ಪಕ್ಕದ ಮನೆಯವನ ಅಡುಗೆಮನೆಯ ಚಿಂತೆಯನ್ನು ಅದು ನಮ್ಮದಾಗಿಸುತ್ತದೆ.

ಆದರೆ ಕೋಮು ಉದ್ವೇಗ ಉಂಟಾದೀತೆಂಬ ಭಯದಿಂದ ಸೆನ್ಸಾರ್ ಅದನ್ನು ತಿಂಗಳುಗಟ್ಟಲೆ ತಡೆಹಿಡಿಯಿತು. ಸಲೀಂ ಮಿರ್ಜಾ ಆಗಿದ್ದ ಬಲರಾಜ್ ಸಾಹ್ನಿ ತಮ್ಮ ಮಾತುಗಳ ಡಬ್ಬಿಂಗ್ ಮುಗಿಸಿದ ಮರುದಿನ, 1973ರ ಏಪ್ರಿಲ್ 13ರಂದು, ತೀರಿಕೊಂಡಿದ್ದರು. ಚಿತ್ರ ಬಿಡುಗಡೆಯಾದುದನ್ನು ಅವರು ಕಾಣಲಿಲ್ಲ. ಕೊನೆಗೆ ಅದಕ್ಕೆ ಮೊದಲು ತೆರೆ ಸಿಕ್ಕಿದ್ದು ಬೆಂಗಳೂರಿನ ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಉದ್ವೇಗದ ಭಯ ಸುಳ್ಳಾಯಿತು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಇರುವ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು.

ಬಲರಾಜರ ತಮ್ಮ ಭೀಷ್ಮ ಸಾಹ್ನಿ 1947ರ ರಾವಲ್ಪಿಂಡಿ ಗಲಭೆಗಳನ್ನು ಕಂಡವರು. 1970ರ ಗಲಭೆಯ ನಂತರ ಭಿವಂಡಿಗೆ ಹೋದಾಗ ಹಳೆಯ ನೆನಪುಗಳು ಕೆದರಿ 'ತಮಸ್' ಕಾದಂಬರಿ ಬರೆದರು. ಗೋವಿಂದ ನಿಹಲಾನಿ ಅದನ್ನು ಧಾರಾವಾಹಿಯಾಗಿಸಿದಾಗ 1988ರ ಜನವರಿಯಲ್ಲಿ ದೂರದರ್ಶನ ಪ್ರಸಾರ ಮಾಡಿತು. ಹಂದಿ ಕೊಲ್ಲಲು ದುಡ್ಡು ಪಡೆದ ಬಡ ನತ್ಥುವಿಗೆ, ಅದರ ಕಳೇಬರ ಮಸೀದಿಯ ಮೆಟ್ಟಿಲ ಮೇಲೆ ಬಿದ್ದಾಗಲೇ ತಾನು ಯಾರ ಕೈಯ ದಾಳವಾದೆನೆಂಬುದು ಹೊಳೆಯುವುದು. ಇದು 'ಗರ್ಮ್ ಹವಾ'ದಂತೆ ಮೆಲುದನಿಯಲ್ಲಿ ಹೇಳಿದ ಕತೆಯಲ್ಲ. ಬೆಂಕಿ, ರಕ್ತ, ಬಾವಿಗೆ ಹಾರುವ ಹೆಂಗಸರು ಎಲ್ಲವೂ ಮನೆಯ ನಡುಕೋಣೆಗೆ ಬಂದವು. ಕೆಲವು ಹಿಂದೂ ಸಂಘಟನೆಗಳು ಪ್ರತಿಭಟಿಸಿದವು. ಮುಂಬೈ ಹೈಕೋರ್ಟಿಗೆ ಹೋದ ಅರ್ಜಿದಾರರು ಮುಸ್ಲಿಮರು. ಕನ್ನಡಿ ಒಡೆಯಲು ಕಲ್ಲು ಎತ್ತಿಕೊಂಡವರಲ್ಲಿ ನಮ್ಮವರೂ ಇದ್ದರು ಎಂಬುದನ್ನು ಮರೆಮಾಚಬೇಕಾಗಿಲ್ಲ.

ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಧಾರಾವಾಹಿಯನ್ನು ಪೂರ್ತಿ ನೋಡಿ ತಡೆಯಾಜ್ಞೆ ತೆರವು ಮಾಡಿದರು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಎತ್ತಿಹಿಡಿಯಿತು. ದುರ್ಬಲ ಮನಸ್ಸಿನವರ ಅಳತೆಗೋಲಿನಿಂದ ಕೃತಿಯನ್ನು ಅಳೆಯಬಾರದು, ವಿವೇಕವಂತನಾದ ಸಾಧಾರಣ ಮನುಷ್ಯನ ಮೇಲೆ ಅದರ ಪರಿಣಾಮವೇನೆಂದು ನೋಡಬೇಕು ಎಂಬುದು ಅದರ ನಿಲುವು. ಹಿಂಸೆಯನ್ನು ತೋರಿಸುವುದು ಬೇರೆ, ಹಿಂಸೆಗೆ ಕರೆ ಕೊಡುವುದು ಬೇರೆ. 'ತಮಸ್' ನೋಡಿದವನಿಗೆ ಯಾವ ಸಮುದಾಯವೂ ವೈರಿಯಾಗಿ ಕಾಣುವುದಿಲ್ಲ, ಎಲ್ಲರನ್ನೂ ಆಡಿಸಿದ ಕೈ ಕಾಣುತ್ತದೆ.

ಹಾಗಾದರೆ ವಾಸ್ತವವಾದದಲ್ಲಿ ಅಪಾಯವೇ ಇಲ್ಲವೇ? ಇದೆ. 2022ರ ನವೆಂಬರಿನಲ್ಲಿ ಬಂದ 'ದಿ ಕೇರಳ ಸ್ಟೋರಿ' ಚಿತ್ರದ ಟೀಸರ್, ಕೇರಳದ 32,000 ಯುವತಿಯರು ಮತಾಂತರಗೊಂಡು ಭಯೋತ್ಪಾದಕರ ಪಾಲಾದರೆಂಬಂತೆ ಸಾರಿತು. ಅದರಲ್ಲಿ ಬುರ್ಖಾ ತೊಟ್ಟ ಪಾತ್ರವೊಂದು ಕ್ಯಾಮೆರಾಕ್ಕೆ ಮುಖಕೊಟ್ಟು, ಸಾಕ್ಷಿ ನುಡಿಯುವವಳಂತೆ ಮಾತಾಡುತ್ತದೆ. ಆಕ್ಷೇಪಗಳು ಬಂದ ಮೇಲೆ ಚಿತ್ರದ ಜಾಹೀರಾತಿನ ವಿವರಣೆಯಲ್ಲಿ 32,000 ಎಂಬುದು ಮೂವರಾಗಿ ಇಳಿಯಿತು. ಈ ಸಂಖ್ಯೆಗೆ ಅಧಿಕೃತ ಅಂಕಿಅಂಶವಿಲ್ಲ, ಚಿತ್ರ ಕಾಲ್ಪನಿಕ ರೂಪದ್ದು ಎಂಬ ಸೂಚನೆ ಹಾಕಲು ನಿರ್ಮಾಪಕರು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಪ್ಪಿಕೊಂಡರು. ಅಷ್ಟರಲ್ಲಿ ಚಿತ್ರ ಊರೂರಲ್ಲಿ ಓಡುತ್ತಿತ್ತು. 2025ರಲ್ಲಿ ಅದಕ್ಕೆ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಘೋಷಣೆಯಾಯಿತು.

ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಸಲೀಂ ಮಿರ್ಜಾ ಕಲ್ಪಿತ ವ್ಯಕ್ತಿ, ನತ್ಥುವೂ ಕಲ್ಪಿತನೇ. ಅವರ ಕತೆ ಕತೆಯಾಗಿಯೇ ಬಂದು ನಿಜವನ್ನು ಮುಟ್ಟಿತು. ಮೂರನೆಯದು ಕೆಲವರ ಕತೆಯನ್ನು ಸಾವಿರಾರು ಜನರ ಇತಿಹಾಸವೆಂದು ಮೊಹರು ಒತ್ತಿ ಹೊರಗೆ ಬಿಟ್ಟಿತು. ಒಬ್ಬಳ ಸಂಕಟ ನಿಜವಿರಬಹುದು, ಅದನ್ನು ಹೇಳುವ ಹಕ್ಕು ಕಲಾವಿದನಿಗಿದೆ. ಆದರೆ ಸಂಕಟವನ್ನು ಸಂಖ್ಯೆಯಿಂದ ಗುಣಿಸಿ, ಇಡೀ ಸಮುದಾಯದ ಹೆಸರಿಗೆ ಬಾಕಿ ಬರೆದರೆ ಅದು ವಾಸ್ತವವಾದವಲ್ಲ, ವಾಸ್ತವದ ವೇಷ.

ಇದಕ್ಕೆ ನಿಷೇಧ ಮದ್ದಲ್ಲ. 2023ರಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಈ ಚಿತ್ರಕ್ಕೆ ಹೇರಿದ ನಿಷೇಧವನ್ನೂ ಸುಪ್ರೀಂ ಕೋರ್ಟು ತಡೆಹಿಡಿಯಿತು. ಅದು ಸರಿಯೇ. ಇಂದು ಒಂದು ಚಿತ್ರಕ್ಕೆ ಬೀಳುವ ಬೀಗ ನಾಳೆ ಇನ್ನೊಂದು 'ಗರ್ಮ್ ಹವಾ'ಕ್ಕೂ ಬೀಳುತ್ತದೆ. 'ನಿಜ ಘಟನೆ ಆಧಾರಿತ' ಎಂಬ ಅಕ್ಷರಗಳು ತೆರೆಯ ಮೇಲೆ ಬಂದಾಗ ಯಾವ ಘಟನೆ, ಯಾವ ವರ್ಷದ್ದು, ಎಷ್ಟು ಜನರದ್ದು, ಯಾರು ಎಣಿಸಿದರು ಎಂದು ಕೇಳುವ ಅಭ್ಯಾಸವನ್ನು ಶಾಲೆಯಲ್ಲಿ, ಮನೆಯಲ್ಲಿ, ಮಸೀದಿ ಮಂದಿರಗಳ ಅಂಗಳದಲ್ಲಿ ಬೆಳೆಸಬೇಕಾಗಿದೆ. ಈ ಪ್ರಶ್ನೆಗಳನ್ನು ನಮಗೆ ಹಿತವಾಗುವ ಚಿತ್ರಕ್ಕೂ ಕೇಳಬೇಕು, ನೋಯಿಸುವ ಚಿತ್ರಕ್ಕೂ ಕೇಳಬೇಕು.