ಬಾವಿ, ಸೋರೆಬುರುಡೆ, ಎರಡೂವರೆ ವರ್ಷದ ಭಯ

 

ಈ ಸಲದ ವಿಷಯ ನಮ್ಮ ಮನೆಯಿಂದಲೇ ಬಂತು. ಅಕ್ಕನ ಮಗಳಿಗೆ ಎರಡೂವರೆ ವರ್ಷ. ಬಕೆಟ್ ನೀರು ಕಂಡ್ರೆ ಕುಣೀತಾಳೆ, ಸ್ವಿಮ್ಮಿಂಗ್ ಪೂಲ್ ಕಂಡ್ರೆ ಅಕ್ಕನ ಕುತ್ತಿಗೆ ಬಿಡಲ್ಲ. ಮನೆಯ ಹಿರಿಯರೊಬ್ಬರು ತೀರ್ಪು ಕೊಟ್ಟೇಬಿಟ್ರು: ಚಳ್ಳಕೆರೆ ಕಡೆಯವರ ರಕ್ತದಲ್ಲೇ ನೀರಿನ ಭಯ ಇದೆಯಂತೆ. ನಾನು ಓದಿದ್ದು ಬಿಕಾಂ. ರಕ್ತದ ಲೆಕ್ಕ ನಂಗೊತ್ತಿಲ್ಲ, ಆದ್ರೆ ನೀರಿನ ಲೆಕ್ಕ ತೆಗೆದು ನೋಡಬಹುದಲ್ವಾ?

ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಕರ್ನಾಟಕದಲ್ಲೇ ಅತಿ ಕಡಿಮೆ ಮಳೆ ಬೀಳೋ ತಾಲೂಕುಗಳ ಸಾಲಿನಲ್ಲಿವೆ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಬಿದ್ರೆ ಅದೇ ಪುಣ್ಯ. ಇಂಥ ಕಡೆ ನೀರು ಹಿಡಿದಿಟ್ಟವರು ದೇವರಾಗ್ತಾರೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯವರನ್ನ ಜನ ಇವತ್ತಿಗೂ ನೆನೆಯೋದು ಪವಾಡಕ್ಕೆ ಎಷ್ಟೋ, ಅವರು ಕಟ್ಟಿಸಿದರು ಅನ್ನೋ ಕೆರೆಗಳಿಗೂ ಅಷ್ಟೇ.

ಹಾಗಂತ ನದಿ ಇಲ್ಲ ಅಂತಲ್ಲ. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಹುಟ್ಟೋ ವೇದಾವತಿ ಹಿರಿಯೂರು ದಾಟಿ ಚಳ್ಳಕೆರೆ ತಾಲೂಕಿನಲ್ಲಿ ಹರಿದು ಆಂಧ್ರದ ಕಡೆ ಹೋಗುತ್ತೆ. ಹೋಗಬೇಕು, ನಕ್ಷೆ ಪ್ರಕಾರ. ಹಿರಿಯೂರು ಹತ್ತಿರದ ಮಾರಿ ಕಣಿವೆಯಲ್ಲಿ ಮೈಸೂರು ಸರ್ಕಾರ ಅಣೆಕಟ್ಟು ಕಟ್ಟಿ 1907ರಲ್ಲಿ ಮುಗಿಸ್ತು. ಅದೇ ವಾಣಿ ವಿಲಾಸ ಸಾಗರ, 30 ಟಿಎಂಸಿ ಹಿಡಿಯೋ ಜಲಾಶಯ. ಅದು ಕೋಡಿ ಬಿದ್ದಿದ್ದು 1933ರಲ್ಲಿ. ಆಮೇಲೆ? 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ. ಅಂದ್ರೆ ಅಣೆಕಟ್ಟಿನ ಕೆಳಗಿರೋ ನಮ್ಮ ಊರುಗಳಲ್ಲಿ ಅಪ್ಪ ಮಗನಿಗೆ ನದಿ ತೋರಿಸಬೇಕಾದ್ರೆ ಹೆಚ್ಚಿನ ವರ್ಷ ಮರಳು ತೋರಿಸ್ತಿದ್ದ.

ಹಾಗಾದ್ರೆ ನಮ್ಮ ಹಿರಿಯರಿಗೆ ಈಜು ಬರ್ತಿರಲಿಲ್ವಾ? ಬರ್ತಿತ್ತು ಕಣ್ರೀ, ಚೆನ್ನಾಗೇ ಬರ್ತಿತ್ತು! ನಮ್ಮ ಕಡೆ ಈಜುಕೊಳ ಅಂದ್ರೆ ಹೊಲದ ಬಾವಿ. ಕಲ್ಲು ಕಟ್ಟಿದ ಅಗಲವಾದ ಬಾವಿ, ಒಂದು ಮಗ್ಗುಲಲ್ಲಿ ಇಳಿಯೋಕೆ ಮೆಟ್ಟಿಲು. ಬೇಸಿಗೆ ರಜೆ ಬಂತಂದ್ರೆ ಹುಡುಗರ ದಂಡು ಅಲ್ಲೇ. ಕಲಿಸೋ ಸಾಮಾನು ಏನು? ಒಣಗಿಸಿದ ಸೋರೆಬುರುಡೆ, ಇಲ್ಲಾಂದ್ರೆ ಕತ್ತಾಳೆ ಬೆಂಡು, ಸೊಂಟಕ್ಕೊಂದು ಹಗ್ಗ. ಆಮೇಲಾಮೇಲೆ ಖಾಲಿ ಎಣ್ಣೆ ಕ್ಯಾನು ಬಂತು. ಎಣ್ಣೆ ಮಿಲ್ಲುಗಳ ಚಳ್ಳಕೆರೆಯಲ್ಲಿ ಕ್ಯಾನಿಗೇನು ಬರ!

ಆ ಹಗ್ಗದ ಬಗ್ಗೆ ಸ್ವಲ್ಪ ನಿಂತು ಯೋಚನೆ ಮಾಡಿ. ಒಂದು ತುದಿ ಮಗುವಿನ ಸೊಂಟದಲ್ಲಿ, ಇನ್ನೊಂದು ತುದಿ ಮೆಟ್ಟಿಲ ಮೇಲಿರೋ ಮಾವನದೋ ಚಿಕ್ಕಪ್ಪನದೋ ಕೈಯಲ್ಲಿ. ಮೊದಲು ಕೊನೇ ಮೆಟ್ಟಿಲಲ್ಲಿ ಕೂತು ಕಾಲು ಆಡಿಸೋದು. ಆಮೇಲೆ ಎದೆಮಟ್ಟ. ಆಮೇಲೆ ಬುರುಡೆ ಕಟ್ಟಿಕೊಂಡು ಕೈಕಾಲು ಬಡಿಯೋದು. ದಿನ ಕಳೆದ ಹಾಗೆ ಹಗ್ಗ ಸಡಿಲ ಆಗೋದು. ಕೊನೆಗೊಂದು ದಿನ ಬುರುಡೇನೂ ಬಿಚ್ಚೋದು.

ಇನ್ನೊಂದು ವಿಧಾನವೂ ಇತ್ತು, ಅದನ್ನ ಮುಚ್ಚಿಡಲ್ಲ. ಎತ್ತಿ ಬಾವಿಗೆ ಎಸೆದುಬಿಡೋದು! ತಾನಾಗೇ ಕಲೀತಾನೆ ಅನ್ನೋ ಧೈರ್ಯ. ಹಾಗೆ ಕಲಿತವರು ಕಟ್ಟೆ ಮೇಲೆ ಕೂತು ಮೀಸೆ ತಿರುವಿ ಕಥೆ ಹೇಳ್ತಾರೆ. ಹಾಗೆ ಹೆದರಿ ಜನ್ಮದಲ್ಲಿ ಮತ್ತೆ ನೀರಿಗಿಳಿಯದವರು ಕಥೆ ಹೇಳಲ್ಲ, ಸುಮ್ಮನಿರ್ತಾರೆ. ಹಾಗಾಗಿ ಎಸೆಯೋ ವಿಧಾನಕ್ಕೆ ಯೋಗ್ಯತೆಗಿಂತ ಜಾಸ್ತಿ ಹೆಸರು ಬಂದಿದೆ ಅಂತ ನನ್ನ ಅನಿಸಿಕೆ.

ಮತ್ತೆ, ಆ ಬಾವಿ ಎಲ್ಲರದ್ದೂ ಆಗಿರಲಿಲ್ಲ. ಬಾವಿ ಹೊಲದವನದ್ದು, ಹೊಲ ಯಾರದ್ದು ಅಂತ ನಿಮಗೇ ಗೊತ್ತು. ಕುಡಿಯೋ ನೀರು ಮುಟ್ಟೋಕೇ ಅಂಬೇಡ್ಕರ್ 1927ರಲ್ಲಿ ಮಹಾಡ್‌ನಲ್ಲಿ ಸತ್ಯಾಗ್ರಹ ಮಾಡಬೇಕಾಯ್ತು. ಅಂಥ ದೇಶದಲ್ಲಿ ದಲಿತ ಕೇರಿಯ ಮಗು ಗೌಡರ ಬಾವಿಗೆ ಧುಮುಕೋ ಮಾತು ದೂರವೇ ಇತ್ತು. ಹೆಣ್ಣುಮಕ್ಕಳಂತೂ ಕೊಡ ಹಿಡ್ಕೊಂಡು ಮೆಟ್ಟಿಲವರೆಗೆ ಇಳೀತಿದ್ರು, ತುಂಬಿಸ್ಕೊಂಡು ಮೇಲೆ ಬರ್ತಿದ್ರು. ಈಜೋದು ಗಂಡುಹುಡುಗರ ಆಟ. ಹಾಗಾಗಿ ‘ನಮ್ಮ ಕಡೆಯವರ ರಕ್ತ’ ಅಂತ ಯಾರಾದ್ರೂ ಅಂದಾಗ, ಯಾರ ರಕ್ತ ಅಂತ ಕೇಳಬೇಕಾಗುತ್ತೆ. ನಮ್ಮ ಅಕ್ಕನಿಗೆ ಈಜು ಬರಲ್ಲ, ಅಮ್ಮನಿಗೂ ಬರಲ್ಲ. ಅಜ್ಜನಿಗೆ ಬರ್ತಿತ್ತು.

ಆಮೇಲೆ ಬೋರ್‌ವೆಲ್ ಬಂತು. ಅಂತರ್ಜಲ ಕೆಳಗೆ ಇಳಿದ ಹಾಗೆ ತೆರೆದ ಬಾವಿಗಳು ಬತ್ತಿದವು. ಕೆಲವು ಕಸದ ಗುಂಡಿ ಆದವು, ಕೆಲವನ್ನ ಮುಚ್ಚಿಬಿಟ್ರು. ಬಾವಿ ಜೊತೆ ಹಗ್ಗ ಹಿಡಿಯೋ ಚಿಕ್ಕಪ್ಪನೂ ಹೋದ. ಗಂಡುಹುಡುಗರಿಗೂ ಕಲಿಯೋ ಜಾಗ ಇಲ್ಲದಂತಾಯ್ತು. ಇಂಥ ಹೊತ್ತಲ್ಲಿ 2022ರ ನೀರು ಬಂತು ನೋಡಿ. ನದಿ ನೋಡೋಕೆ ಜನ ಜಾತ್ರೆ ಥರ ಸೇರಿದ್ರು. ಈಜು ಮರೆತ ಸೀಮೆಗೆ ನೀರು ವಾಪಸ್ ಬಂದಿತ್ತು. ಖುಷಿ ಎಷ್ಟೋ, ದಡದಲ್ಲಿ ಮಕ್ಕಳ ಕೈ ಹಿಡಿದಿದ್ದ ಅಮ್ಮಂದಿರ ಎದೆಬಡಿತವೂ ಅಷ್ಟೇ ಇತ್ತು ಅಂತ ಬೇರೆ ಹೇಳಬೇಕಾ?

ಈಗ ಸ್ವಲ್ಪ ದೂರ ಹೋಗೋಣ, ನ್ಯೂಯಾರ್ಕ್‌ಗೆ. ಪುಟ್ಟ ಮಕ್ಕಳ ಭಯವನ್ನ ಹೇಗೆ ಬಿಡಿಸೋದು ಅಂತ ಮೊದಮೊದಲು ಪ್ರಯೋಗ ಮಾಡಿ ಬರೆದವರು ಮೇರಿ ಕವರ್ ಜೋನ್ಸ್ ಅನ್ನೋ ಮನಶ್ಶಾಸ್ತ್ರಜ್ಞೆ. 1924ರಲ್ಲಿ. ಪೀಟರ್ ಅನ್ನೋ ಹುಡುಗ, ಮೂರು ವರ್ಷವೂ ತುಂಬಿರಲಿಲ್ಲ, ಮೊಲ ಕಂಡ್ರೆ ಚೀರಾಡ್ತಿದ್ದ. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲದ ಪಂಜರವನ್ನ ದೂರದಲ್ಲಿಟ್ರು. ಒಂದೊಂದೇ ಹೆಜ್ಜೆ ಹತ್ತಿರ ತಂದ್ರು. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನ ಜೊತೆಗೆ ಆಡೋಕೆ ಬಿಟ್ರು. ನಡುವೆ ಪೀಟರ್ ಜ್ವರ ಬಂದು ಆಸ್ಪತ್ರೆ ಸೇರಿದ, ದೊಡ್ಡ ನಾಯಿಯೊಂದು ಮೇಲೆ ಎಗರಿ ಭಯ ಮತ್ತೆ ಮರಳಿತು. ಪುನಃ ಶುರು ಮಾಡಿದ್ರು. ಕೊನೆಗೆ ಮೊಲ ಅವನ ಬೆರಳು ಕಚ್ಚಿ ಆಡಿದ್ರೂ ಸುಮ್ಮನಿದ್ದ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಆಕೆ ಅದೇ ವರ್ಷ ಬರೆದ ಇನ್ನೊಂದು ಲೇಖನ. ಹಲವು ಮಕ್ಕಳ ಮೇಲೆ ಬೇರೆ ಬೇರೆ ಉಪಾಯ ನೋಡಿದ್ರು. ಏನೂ ಆಗಲ್ಲ ಬಾ ಅಂತ ಬಾಯಲ್ಲಿ ಹೇಳೋದು ಅಷ್ಟಾಗಿ ನಡೀಲಿಲ್ಲ. ಅಣಕಿಸೋದು, ನಾಚಿಕೆ ಪಡಿಸೋದೂ ನಡೀಲಿಲ್ಲ. ಸುಮ್ಮನೆ ಬಿಟ್ರೆ ಭಯ ತಾನಾಗೇ ಹೋಗುತ್ತೆ ಅನ್ನೋದೂ ನಂಬೋ ಹಾಗಿರಲಿಲ್ಲ. ಖಚಿತವಾಗಿ ಗೆದ್ದಿದ್ದು ಎರಡೇ: ಇಷ್ಟದ ವಸ್ತು ಜೊತೆಗಿಟ್ಟು ಮೆಲ್ಲಗೆ ಹತ್ತಿರ ತರೋದು, ಮತ್ತೆ ಹೆದರದ ಮಕ್ಕಳ ಜೊತೆ ಬಿಡೋದು. ಮೆಟ್ಟಿಲು ಮೆಟ್ಟಿಲಾಗಿ ಇಳಿಸೋದು, ಸುತ್ತ ಹುಡುಗರ ದಂಡು. ನಮ್ಮ ಬಾವಿಯಲ್ಲಿ ಇದ್ದಿದ್ದೂ ಅದೇ ಅಲ್ವಾ?

ನಮ್ಮ ಕಾಲದ ಉದಾಹರಣೆ ಬೇಕಾ? ಬೆಂಗಳೂರಿನ ನಿಶಾ ಮಿಲೆಟ್. ಐದನೇ ವಯಸ್ಸಲ್ಲಿ ನೀರಲ್ಲಿ ಮುಳುಗಿ ಬದುಕುಳಿದವರು. ಮಗಳ ಭಯ ಹೋಗಲಿ ಅಂತ ಅಪ್ಪ ಹಟ ಹಿಡಿದು ಈಜು ಕಲಿಸಿದ್ದು 1991ರಲ್ಲಿ, ಚೆನ್ನೈನ ಒಂದು ಕ್ಲಬ್ಬಿನಲ್ಲಿ. ಅಷ್ಟೊತ್ತಿಗೆ ಮುಳುಗಿದ ಘಟನೆ ಆಗಿ ವರ್ಷಗಳೇ ಕಳೆದಿದ್ದವು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅವರು ಭಾರತದ ಪರ 200 ಮೀಟರ್ ಫ್ರೀಸ್ಟೈಲ್ ಈಜಿದ್ರು.

ಎರಡೂವರೆ ವರ್ಷಕ್ಕೆ ತಡ ಆಯ್ತು ಅಂತ ಗಾಬರಿ ಆಗೋರಿಗೆ ಇದನ್ನ ಹೇಳಿದೆ. ಹಾಗಂತ ಕಲಿಸೋದೇ ಬೇಡ ಅಂತಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ ಮೊದಲು ನಾಲ್ಕು ವರ್ಷ ಆಗಲಿ ಅಂತಿತ್ತು, 2010ರಲ್ಲಿ ಆ ಮಾತು ಸಡಿಲ ಮಾಡ್ತು, 2019ರಲ್ಲಿ ಒಂದು ವರ್ಷದ ನಂತರ ಈಜುಪಾಠ ಒಳ್ಳೇದು ಅಂತು. ಜೊತೆಗೆ ಇನ್ನೊಂದು ಮಾತೂ ಹೇಳ್ತು: ಪಾಠ ಆದ ಮಗುವೂ ನೀರಿನ ಹತ್ತಿರ ಇದ್ದಾಗ ದೊಡ್ಡವರ ಕೈಗೆಟುಕೋ ದೂರದಲ್ಲೇ ಇರಬೇಕು. ಗಾಳಿ ತುಂಬಿದ ತೋಳಪಟ್ಟಿ ನಂಬಿ ಫೋನ್ ನೋಡ್ತಾ ಕೂರೋ ಹಾಗಿಲ್ಲ. ಸೋರೆಬುರುಡೆ ಕಟ್ಟಿದ್ರೂ ಚಿಕ್ಕಪ್ಪ ಹಗ್ಗ ಬಿಡ್ತಿರಲಿಲ್ಲ, ನೆನಪಿರಲಿ.

ಅಕ್ಕ ಈಗ ಪೂಲಿನ ಮೊದಲನೇ ಮೆಟ್ಟಿಲಲ್ಲಿ ಕೂರ್ತಾಳೆ, ಮಗಳು ತೊಡೆ ಮೇಲೆ, ಕೈಯಲ್ಲೊಂದು ಸ್ಟೀಲ್ ಲೋಟ. ತುಂಬಿಸೋದು, ಸುರಿಯೋದು, ಅಷ್ಟೇ ಆಟ. ಹೋದ ವಾರ ಅಕ್ಕ ತಾನೂ ದೊಡ್ಡವರ ಈಜು ಕ್ಲಾಸಿಗೆ ಹೆಸರು ಕೊಟ್ಟು ಬಂದಳು.

ನಿಮ್ಮೂರ ಬಾವಿಯಲ್ಲಿ ಈಜು ಕಲಿತವರು ಮನೆಯಲ್ಲಿದ್ರೆ, ಅವರ ಸೊಂಟದ ಹಗ್ಗ ಯಾರ ಕೈಯಲ್ಲಿತ್ತು ಅಂತ ಕೇಳಿ ವಾಯ್ಸ್ ನೋಟ್ ಕಳಿಸಿ. ಬಾವಿಗೆ ಇಳಿಯೋಕೆ ಬಿಡದೇ ಇದ್ದವರ ಕಥೆ ಇದ್ರೆ ಅದನ್ನ ಮೊದಲು ಕಳಿಸಿ. ಮುಂದಿನ ವಾರ ಸಿಗೋಣ.